ಒಂದು ನಿಮಿಷಕ್ಕೆ 68 ಉಸಿರು: ಎಚ್‌ಎಂಪಿವಿ ಸುದ್ದಿಯ ವಾರದಲ್ಲಿ ಬಂದ ಒಂದು ಮಗು

2025ರ ಜನವರಿ 10, ಶುಕ್ರವಾರ. ರಾತ್ರಿ ಒಂಬತ್ತೂವರೆ. ಆಟೋದಿಂದ ಇಳಿದ ಅಜ್ಜಿ ಮಗುವನ್ನು ನನ್ನ ಕೈಗೆ ಕೊಡಲಿಲ್ಲ. ಸೆರಗಿನೊಳಗೇ ಬಿಗಿಯಾಗಿ ಹಿಡಿದುಕೊಂಡು ನಿಂತರು.

"ಡಾಕ್ಟ್ರೇ, ಟೆಸ್ಟ್ ಮಾಡೂದಿಲ್ಲ ಅಂದ್ರೆ ಮಾತ್ರ ತೋರಿಸ್ತೆ."

ಮಗುವಿನ ಮುಖ ನನಗೆ ಕಾಣುತ್ತಿರಲಿಲ್ಲ. ಸದ್ದು ಮಾತ್ರ ಕೇಳುತ್ತಿತ್ತು. ಪ್ರತಿ ಸಲ ಉಸಿರು ಬಿಡುವಾಗ ಸಣ್ಣದಾಗಿ ನರಳಿದ ಹಾಗೆ. ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡಿದ ಯಾರಿಗೇ ಆದರೂ ಆ ಸದ್ದು ಕೇಳಿದ ಮೇಲೆ ಬೇರೆ ಮಾತು ಕಿವಿಗೆ ಬೀಳುವುದಿಲ್ಲ. "ಈಗ ಯಾವ ಟೆಸ್ಟೂ ಇಲ್ಲ ಅಮ್ಮಾ. ಮೊದಲು ಆಕ್ಸಿಜನ್ ಹಾಕೋಣ, ಒಳಗೆ ಬನ್ನಿ" ಅಂದೆ. ಅವರ ಹಿಂದೆ ಆಶಾ ಕಾರ್ಯಕರ್ತೆ ನಿಂತಿದ್ದರು. ಕೈಯಲ್ಲಿ ಒಂದು ಚೀಟಿ. ಅದರಲ್ಲಿ ಪೆನ್ನಿನಿಂದ ಬರೆದಿದ್ದು ಇಷ್ಟೇ: 64, ಸಂಜೆ 7-40.

ನಾನು ಉತ್ತರ ಕನ್ನಡ ಜಿಲ್ಲೆಯ ಕರಾವಳಿಯ ಒಂದು ತಾಲೂಕು ಊರಿನಲ್ಲಿ ಮಕ್ಕಳ ಡಾಕ್ಟರ್. ಈ ಮಗುವಿನ ಕಥೆಯನ್ನು ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಊರು ಯಾವುದು, ಮನೆ ಯಾವುದು ಅನ್ನುವ ಗುರುತು ಇಲ್ಲಿಲ್ಲ. ಗಂಗಾವಳಿ ಹೊಳೆ ಸಮುದ್ರ ಸೇರುವ ಕಡೆಯ ಒಂದು ಮೀನುಗಾರರ ಮನೆ ಅಂದುಕೊಳ್ಳಿ, ಸಾಕು.

ಆ ನಾಲ್ಕು ದಿನ

ಏಳು ತಿಂಗಳ ಗಂಡು ಮಗು. ತೂಕ 6.6 ಕಿಲೋ. ಹುಟ್ಟಿದ್ದು 35ನೇ ವಾರಕ್ಕೆ, ದಿನ ತುಂಬುವ ಮೊದಲೇ. ಆಗ ತೂಕ 2.1 ಕಿಲೋ. ಆಮೇಲೆ ಚೆನ್ನಾಗೇ ಬೆಳೆದಿತ್ತು. ಅಲ್ಲಿಯವರೆಗಿನ ಲಸಿಕೆಗಳೆಲ್ಲ ಆಗಿದ್ದವು. ತಾಯಿ ಹಾಲು ಕುಡಿಯುತ್ತಿತ್ತು, ಒಂದು ತಿಂಗಳಿಂದ ರಾಗಿ ಮಣ್ಣಿ ತಿನ್ನುತ್ತಿತ್ತು. ಅಕ್ಕನಿಗೆ ನಾಲ್ಕು ವರ್ಷ, ಅಂಗನವಾಡಿಗೆ ಹೋಗುತ್ತಾಳೆ. ಅಪ್ಪ ತದಡಿ ಬಂದರಿನಿಂದ ಪರ್ಸೀನ್ ಎಂಬ ದೊಡ್ಡ ಬಲೆಯ ಮೀನುಗಾರಿಕೆ ಬೋಟಿಗೆ ಹೋಗುವವರು, ಆ ವಾರ ಮನೆಯಲ್ಲಿ ಇರಲಿಲ್ಲ.

ಮೊದಲು ಥಂಡಿ ಆದದ್ದು ಅಕ್ಕನಿಗೆ, ಜನವರಿ 2ರ ಹೊತ್ತಿಗೆ. ಅವಳು ಮೂಗು ಒರೆಸಿಕೊಂಡು ಆಡಿಕೊಂಡೇ ಇದ್ದಳು. 7ನೇ ತಾರೀಕು ಮಂಗಳವಾರ ತಮ್ಮನ ಮೂಗು ಸೋರಲು ಶುರುವಾಯಿತು. ಎಚ್‌ಎಂಪಿವಿ, ಅಂದರೆ ಹ್ಯೂಮನ್ ಮೆಟಾನ್ಯೂಮೋವೈರಸ್ ಎಂಬ ಉಸಿರಾಟದ ವೈರಸ್, ಒಳಗೆ ಹೋಗಿ ಮೂರರಿಂದ ಆರು ದಿನಕ್ಕೆ ಲಕ್ಷಣ ತೋರಿಸುತ್ತದೆ. ಲೆಕ್ಕ ಸರಿಯಾಗಿ ಕೂಡುತ್ತದೆ.

ಆದರೆ ಅದರ ಹಿಂದಿನ ದಿನ, ಸೋಮವಾರ, ಇನ್ನೊಂದು ಘಟನೆ ನಡೆದಿತ್ತು. ಬೆಂಗಳೂರಿನಲ್ಲಿ ಇಬ್ಬರು ಕೂಸುಗಳಿಗೆ ಎಚ್‌ಎಂಪಿವಿ ಇದೆ ಎಂದು ಸುದ್ದಿ ಬಂತು. ಮೂರು ತಿಂಗಳ ಹೆಣ್ಣು ಮಗು, ಎಂಟು ತಿಂಗಳ ಗಂಡು ಮಗು. ಹೆಣ್ಣು ಮಗು ಆಗಲೇ ಗುಣವಾಗಿ ಮನೆಗೆ ಹೋಗಿತ್ತು, ಗಂಡು ಮಗು ಚೇತರಿಸಿಕೊಳ್ಳುತ್ತಿತ್ತು. ಇಬ್ಬರ ಮನೆಯವರೂ ವಿದೇಶಕ್ಕೆ ಹೋಗಿರಲಿಲ್ಲ. ಅಂದರೆ ವೈರಸ್ ಎಲ್ಲಿಂದಲೋ ಹಾರಿ ಬಂದದ್ದಲ್ಲ, ಇಲ್ಲೇ ಇದ್ದದ್ದು. ಇದನ್ನೆಲ್ಲ ಸರ್ಕಾರ ಅದೇ ದಿನ ಹೇಳಿತ್ತು. ಆದರೆ ಮನೆಯ ಟಿವಿಯಲ್ಲಿ ಆ ದಿನವಿಡೀ ಓಡಿದ್ದು ಚೀನಾದ ಆಸ್ಪತ್ರೆಯ ದೃಶ್ಯ, ಮಾಸ್ಕ್, ಕೆಂಪು ಅಕ್ಷರ.

ಆ ಅಜ್ಜಿಗೆ ಇದು ಸುಮ್ನೆ ಸುದ್ದಿ ಆಗಿರಲಿಲ್ಲ. 2021ರಲ್ಲಿ ಅವರ ಯಜಮಾನರು ಕೋವಿಡ್‌ನಲ್ಲಿ ಹೋದರು. ಆಂಬುಲೆನ್ಸ್ ಹತ್ತಿದವರು ಮನೆಗೆ ತಿರುಗಿ ಬರಲಿಲ್ಲ, ಮುಖವೂ ಸಿಗಲಿಲ್ಲ. "ಪಾಸಿಟಿವ್ ಅಂದ್ರು, ಕರ್ಕೊಂಡು ಹೋದ್ರು, ಅಷ್ಟೇ" ಎಂದು ಆಮೇಲೆ ಹೇಳಿದರು. ಮೊಮ್ಮಗನಿಗೆ ಕೆಮ್ಮು ಬಂದಾಗ ಅವರ ತಲೆಯಲ್ಲಿ ಬಂದ ಮೊದಲ ಯೋಚನೆ ಟೆಸ್ಟ್ ತಪ್ಪಿಸಬೇಕು ಅನ್ನುವುದು. ನಾನು ಅವರ ಮೇಲೆ ಸಿಟ್ಟಾಗಲಾರೆ. ಆ ಹೆದರಿಕೆಗೆ ಕಾರಣ ನಾವೇ ಅಲ್ವಾ? ಆಗ ಒಂದು ಫೋನಾದರೂ ಮಾಡಿ ಸರಿಯಾಗಿ ಹೇಳಿದ್ದರೆ ಅವರಿಗೆ ಇಷ್ಟು ಗಾಯ ಆಗುತ್ತಿರಲಿಲ್ಲ.

ಬುಧವಾರ ಕೆಮ್ಮು ಜಾಸ್ತಿಯಾಯಿತು. ಆಸ್ಪತ್ರೆಯ ಬದಲು ಮೆಡಿಕಲ್ ಶಾಪಿಗೆ ಹೋದರು. ಅಲ್ಲಿ ಒಂದು ಥಂಡಿ ಡ್ರಾಪ್ಸ್ ಕೊಟ್ಟರು. ಬಾಟಲಿಯನ್ನು ತಾಯಿ ಆಸ್ಪತ್ರೆಗೆ ತಂದಿದ್ದರು, ಅದು ಒಳ್ಳೆಯದಾಯಿತು. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಸೇರಿಸಿದ ಔಷಧ. ಈ ಜೋಡಿ ಔಷಧವನ್ನು ನಾಲ್ಕು ವರ್ಷದ ಒಳಗಿನ ಮಕ್ಕಳಿಗೆ ಕೊಡಬಾರದು ಎಂದು ಬಾಟಲಿಯ ಮೇಲೇ ಬರೆಯಬೇಕು ಅಂತ ದೇಶದ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲೇ ಹೇಳಿದ್ದರು. ಈ ಮಗುವಿಗೆ ಏಳು ತಿಂಗಳು. ಡ್ರಾಪ್ಸ್ ಹಾಕಿದ ಮೇಲೆ ಮಗು ಮಲಗಿತು. ಮನೆಯವರು ಗುಣವಾಗುತ್ತಿದೆ ಅಂದುಕೊಂಡರು. ಮಗು ಮಂಪರಿನಲ್ಲಿತ್ತು, ಹಾಲು ಬಿಟ್ಟಿತ್ತು.

ಗುರುವಾರ ಅಜ್ಜಿ ತಮಗೆ ತಿಳಿದದ್ದನ್ನೆಲ್ಲ ಮಾಡಿದರು. ತೆಂಗಿನೆಣ್ಣೆಗೆ ಕರ್ಪೂರ ಹಾಕಿ ಬಿಸಿ ಮಾಡಿ ಎದೆಗೆ ತಿಕ್ಕಿದರು. ಮೀಯಿಸಿ ಲೋಬಾನದ ಹೊಗೆ ಹಿಡಿದರು. ಮೂಗು ಕಟ್ಟಿದೆ ಎಂದು ಎರಡು ಹನಿ ಎಣ್ಣೆ ಬಿಟ್ಟರು. ಶುಕ್ರವಾರ ಬೆಳಿಗ್ಗೆಯಿಂದ ಮಗು ಹಾಲಿಗೆ ಬಾಯಿ ಹಾಕುವುದು, ಎರಡು ಗುಟುಕು ಎಳೆಯುವುದು, ಬಿಟ್ಟು ಅಳುವುದು. ಮಧ್ಯಾಹ್ನದ ನಂತರ ಅಳುವುದೂ ಕಡಿಮೆಯಾಯಿತು. ಬೆಳಿಗ್ಗೆಯಿಂದ ಒಂದೇ ಸಲ ಉಚ್ಚೆ.

ಸಂಜೆ ಆಶಾ ಕಾರ್ಯಕರ್ತೆ ಬೇರೆ ಕೆಲಸಕ್ಕೆ ಆ ಮನೆಗೆ ಹೋದವರು. ಒಳಗಿಂದ ಕೆಮ್ಮು ಕೇಳಿಸಿತು. ತೊಟ್ಟಿಲ ಹತ್ತಿರ ಕೂತು ಅಂಗಿ ಮೇಲೆತ್ತಿದರು. ಮೊಬೈಲಿನಲ್ಲಿ ಒಂದು ನಿಮಿಷ ಇಟ್ಟು ಹೊಟ್ಟೆ ಏಳುವುದನ್ನು ಎಣಿಸಿದರು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಲಿಲ್ಲ, ಪೂರ್ತಿ ನಿಮಿಷ. ಕೂಸಿನ ಉಸಿರು ಒಂದೇ ಲಯದಲ್ಲಿ ಇರುವುದಿಲ್ಲ, ಅದಕ್ಕೆ ಪೂರ್ತಿ ನಿಮಿಷವೇ ಬೇಕು. 64 ಬಂತು. ಅವರು ಎಚ್‌ಎಂಪಿವಿ ಅನ್ನುವ ಮಾತನ್ನೇ ತೆಗೆಯಲಿಲ್ಲ. "ಐವತ್ತು ದಾಟಬಾರದು ಅಮ್ಮಾ, ಇದು ಅರವತ್ನಾಲ್ಕು. ಪಕ್ಕೆ ಎಳೀತಾ ಇದೆ ನೋಡಿ" ಎಂದು ತೋರಿಸಿದರು. ಪಕ್ಕೆಲುಬಿನ ಕೆಳಗೆ ಪ್ರತಿ ಉಸಿರಿಗೂ ಗುಳಿ ಬೀಳುತ್ತಿತ್ತು. ಅಜ್ಜಿ ಅದನ್ನು ಕಣ್ಣಾರೆ ಕಂಡರು. ಆಟೋ ಕರೆಸಿದರು.

ನನಗೆ ಇಡೀ ಪ್ರಕರಣದಲ್ಲಿ ಎಲ್ಲಕ್ಕಿಂತ ಮುಖ್ಯ ಅನಿಸುವುದು ತೊಟ್ಟಿಲ ಹತ್ತಿರದ ಆ ಒಂದು ನಿಮಿಷ. ಎರಡು ತಿಂಗಳ ಒಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಮೇಲೆ, ಎರಡರಿಂದ ಹನ್ನೆರಡು ತಿಂಗಳೊಳಗೆ 50 ಅಥವಾ ಮೇಲೆ, ಒಂದರಿಂದ ಐದು ವರ್ಷದೊಳಗೆ 40 ಅಥವಾ ಮೇಲೆ ಇದ್ದರೆ ಅದು ವೇಗದ ಉಸಿರು. ಮಗು ಅಳುತ್ತಿರಬಾರದು, ಹಾಲು ಕುಡಿಯುತ್ತಿರಬಾರದು, ಆಗ ಎಣಿಸಬೇಕು. ಈ ಲೆಕ್ಕಕ್ಕೆ ಲ್ಯಾಬ್ ಬೇಡ. ಯಾವ ವೈರಸ್ ಅಂತಲೂ ಗೊತ್ತಿರಬೇಕಾಗಿಲ್ಲ.

ಆ ರಾತ್ರಿ

ಆಸ್ಪತ್ರೆಯಲ್ಲಿ ನಾನು ಎಣಿಸಿದಾಗ 68. ಬೆರಳಿಗೆ ಹಾಕಿದ ಯಂತ್ರದಲ್ಲಿ ರಕ್ತದ ಆಕ್ಸಿಜನ್ ಶೇಕಡಾ 86. ಜ್ವರ 100.8. ಮೂಗಿನ ಹೊಳ್ಳೆ ಅರಳುತ್ತಿತ್ತು, ಉಸಿರಿಗೊಮ್ಮೆ ತಲೆ ಅಲ್ಲಾಡುತ್ತಿತ್ತು. ಸ್ಟೆತಸ್ಕೋಪ್ ಇಟ್ಟರೆ ಎರಡೂ ಕಡೆ ಸಣ್ಣ ಸಿಳ್ಳೆ, ಜೊತೆಗೆ ಕೂದಲು ತಿಕ್ಕಿದಂಥ ಸದ್ದು. ನಾಲಿಗೆ ಒಣಗಿತ್ತು. ಎಕ್ಸ್‌ರೇಯಲ್ಲಿ ಶ್ವಾಸಕೋಶ ಉಬ್ಬಿಕೊಂಡಿತ್ತು, ಬಲಗಡೆ ಕೆಳಗೆ ಸ್ವಲ್ಪ ಮಬ್ಬು.

ಇದನ್ನು ಬ್ರಾಂಕಿಯೋಲೈಟಿಸ್ ಅನ್ನುತ್ತೇವೆ. ಶ್ವಾಸಕೋಶದ ತೀರಾ ಸಣ್ಣ ಕೊಳವೆಗಳು ಬಾತುಕೊಂಡು, ಲೋಳೆ ತುಂಬಿಕೊಂಡು, ಗಾಳಿ ಒಳಗೆ ಸಿಕ್ಕಿಹಾಕಿಕೊಳ್ಳುವ ಸ್ಥಿತಿ. ದೊಡ್ಡವರಿಗೆ ಇದೇ ವೈರಸ್ ಬಂದರೆ ಬರೀ ನೆಗಡಿ, ಕೂಸಿಗೆ ಯಾಕೆ ಇಷ್ಟು ಕಷ್ಟ ಎಂದು ತಾಯಿ ಕೇಳಿದರು. ಪಪ್ಪಾಯಿ ಎಲೆಯ ದಂಟನ್ನು ನೆನಪಿಸಿಕೊಳ್ಳಿ ಅಂದೆ. ಅದರಲ್ಲಿ ಊದುವುದು ಸುಲಭ. ಅದೇ ಉದ್ದದ, ಅರ್ಧ ಅಗಲದ ಕೊಳವೆಯಲ್ಲಿ ಊದಬೇಕಾದರೆ ಎರಡು ಪಟ್ಟು ಅಲ್ಲ, ಹದಿನಾರು ಪಟ್ಟು ಜೋರು ಬೇಕು. ಕೂಸಿನ ಕೊಳವೆ ಮೊದಲೇ ಸಣ್ಣದು. ಒಳಗೆ ಒಂದು ಪದರ ಬಾತರೆ ಅದಕ್ಕೆ ಪ್ರತಿ ಉಸಿರೂ ಗುಡ್ಡ ಹತ್ತಿದ ಹಾಗೆ. ಉಸಿರಿಗೇ ಎಲ್ಲ ಶಕ್ತಿ ಹೋದ ಮೇಲೆ ಹಾಲು ಎಳೆಯಲು ಏನು ಉಳಿಯುತ್ತದೆ?

ಮೂಗಿಗೆ ಸಣ್ಣ ಕೊಳವೆ ಇಟ್ಟು ಆಕ್ಸಿಜನ್ ಶುರು ಮಾಡಿದೆವು. ನಿಮಿಷಕ್ಕೆ ಎರಡು ಲೀಟರ್. ಹತ್ತು ನಿಮಿಷದಲ್ಲಿ 94 ಬಂತು. ಉಸಿರು ಅಷ್ಟು ಜೋರಿರುವಾಗ ಬಾಯಿಂದ ಹಾಲು ಕೊಟ್ಟರೆ ಶ್ವಾಸಕ್ಕೆ ಹೋಗುವ ಭಯ, ಹಾಗಾಗಿ ಮೊದಲ ರಾತ್ರಿ ಡ್ರಿಪ್. ಉಸಿರಿನ ಕೊಳವೆ ಸಡಿಲಿಸುವ ಸಾಲ್ಬುಟಮಾಲ್ ಔಷಧವನ್ನು ನೆಬ್ಯುಲೈಸರ್ ಯಂತ್ರದಿಂದ ಹಬೆಯ ಹಾಗೆ ಒಂದು ಸಲ ಕೊಟ್ಟು ನೋಡಿದೆ. ಏನೂ ವ್ಯತ್ಯಾಸ ಕಾಣಲಿಲ್ಲ, ನಿಲ್ಲಿಸಿದೆ. ಇಂಥ ಕೂಸುಗಳಲ್ಲಿ ಅದು ಹೆಚ್ಚಾಗಿ ಕೆಲಸ ಮಾಡುವುದಿಲ್ಲ. ಆದರೂ ಎಷ್ಟೋ ಮನೆಗಳಲ್ಲಿ ನೆಬ್ಯುಲೈಸರ್ ಇಟ್ಟುಕೊಂಡು ದಿನಕ್ಕೆ ನಾಲ್ಕು ಸಲ ಹಾಕುತ್ತಾರೆ.

ಆಂಟಿಬಯೋಟಿಕ್ ಕೊಡಬೇಕೋ ಬೇಡವೋ ಎಂದು ಒಂದೈದು ನಿಮಿಷ ಯೋಚಿಸಿದೆ. ವೈರಸ್ಸಿಗೆ ಅದು ನಾಟುವುದಿಲ್ಲ. ಆದರೆ ಆಕ್ಸಿಜನ್ 86 ಇರುವ, ಜ್ವರ ಇರುವ, ಎಕ್ಸ್‌ರೇಯಲ್ಲಿ ಮಬ್ಬು ಇರುವ, ದಿನ ತುಂಬದೆ ಹುಟ್ಟಿದ ಕೂಸು. ಬ್ಯಾಕ್ಟೀರಿಯಾ ಇಲ್ಲವೇ ಇಲ್ಲ ಎಂದು ಆ ರಾತ್ರಿ ಹೇಳುವ ದಾರಿ ನನ್ನ ಹತ್ತಿರ ಇರಲಿಲ್ಲ. ಆಂಪಿಸಿಲಿನ್, ಜೆಂಟಾಮೈಸಿನ್ ಶುರು ಮಾಡಿದೆ. ಎರಡು ದಿನದಲ್ಲಿ ಜ್ವರ ಇಳಿದು, ರಕ್ತ ಪರೀಕ್ಷೆ ಚೆನ್ನಾಗಿ ಬಂದ ಮೇಲೆ ನಿಲ್ಲಿಸಿದೆ. ಶುರು ಮಾಡಿದ್ದು ತಪ್ಪು ಎಂದು ಈಗಲೂ ಅನಿಸುವುದಿಲ್ಲ. ಕೋರ್ಸ್ ಮುಗಿಸಲೇಬೇಕು ಎಂದು ಏಳು ದಿನ ಎಳೆದಿದ್ದರೆ ಅದು ತಪ್ಪಾಗುತ್ತಿತ್ತು.

ಆಮೇಲೆ ದೊಡ್ಡ ಪ್ರಶ್ನೆ. ಇಲ್ಲೇ ಇಡುವುದೋ, ಕಳಿಸುವುದೋ?

ಈ ಜಿಲ್ಲೆಯಲ್ಲಿ ಇದು ಯಾವಾಗಲೂ ಎದೆ ಹಿಂಡುವ ಪ್ರಶ್ನೆ. ಜೋರಾಗಿ ಆಕ್ಸಿಜನ್ ಹರಿಸುವ ಯಂತ್ರ ನಮ್ಮಲ್ಲಿಲ್ಲ, ಮಕ್ಕಳ ವೆಂಟಿಲೇಟರ್ ಇಲ್ಲ. ಕಾರವಾರಕ್ಕೆ ಹೋಗಬಹುದು. ಅದಕ್ಕಿಂತ ಹೆಚ್ಚು ಬೇಕಾದರೆ ತೆಂಕಿಗೆ ಮಣಿಪಾಲ, ಬಡಗಿಗೆ ಗೋವಾ, ಇಲ್ಲಾ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿ. ಯಾವ ಕಡೆ ಹೋದರೂ ಗಂಟೆಗಟ್ಟಲೆ ದಾರಿ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಹತ್ತಿರ ಶಿರೂರು ಟೋಲ್‌ನಲ್ಲಿ ಮಗುಚಿ ನಾಲ್ಕು ಜನ ತೀರಿಕೊಂಡರು. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕು ಎಂದು ಜನ ಬೀದಿಗೆ ಬಂದಿದ್ದರು. ಅವತ್ತಿನಿಂದ ರೆಫರ್ ಚೀಟಿ ಬರೆಯುವಾಗಲೆಲ್ಲ ನನಗೆ ಅದು ನೆನಪಾಗುತ್ತದೆ.

ಹಾಗಾಗಿ ನರ್ಸ್ ಸಿಸ್ಟರ್ ಜೊತೆ ಕೂತು ಕಾಗದದಲ್ಲಿ ಬರೆದಿಟ್ಟೆವು. ಎರಡು ಲೀಟರ್ ಆಕ್ಸಿಜನ್ನಿನಲ್ಲೂ 90ರ ಕೆಳಗೆ ಉಳಿದರೆ, ಉಸಿರು ನಡುನಡುವೆ ನಿಂತರೆ, ಮಗು ಕರೆದರೂ ಕಣ್ಣು ಬಿಡದಿದ್ದರೆ ಕಳಿಸುವುದು. 108ಕ್ಕೆ ಮೊದಲೇ ಹೇಳಿ ಇಟ್ಟೆವು. ಕಾರವಾರಕ್ಕೆ ಫೋನ್ ಮಾಡಿ ಹಾಸಿಗೆ ಇದೆಯಾ ಕೇಳಿಕೊಂಡೆವು. ಇದು ಜನವರಿ ಆದ್ದರಿಂದ ಕಾಯುವ ಧೈರ್ಯ ಮಾಡಿದೆ. ಜುಲೈ ಆಗಿದ್ದರೆ ಆ ಹೊತ್ತಿಗೇ ಕಳಿಸಿಬಿಡುತ್ತಿದ್ದೆ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಎಷ್ಟೋ ದಿನ ಬಂದಾಗಿತ್ತು. ಮಳೆಗಾಲದಲ್ಲಿ ಮಗುವಿನ ಉಸಿರಿನ ಜೊತೆ ದಾರಿಯ ಸ್ಥಿತಿಯನ್ನೂ ನೋಡಬೇಕು.

ರಾತ್ರಿ ಎರಡು ಗಂಟೆಗೆ ಸಿಸ್ಟರ್ ಎಬ್ಬಿಸಿದರು. "ಡಾಕ್ಟ್ರೇ, 87." ಓಡಿ ಬಂದೆ. ಮಗು ಒದ್ದಾಡುತ್ತಿತ್ತು. ಕಾಗದದ ಪ್ರಕಾರ ಆಂಬುಲೆನ್ಸ್ ಕರೆಯುವ ಹೊತ್ತು. ಆದರೆ ಅದಕ್ಕೆ ಮೊದಲು ಮಾಡಬೇಕಾದ್ದು ಒಂದಿತ್ತು. ಕೂಸು ಉಸಿರಾಡುವುದು ಹೆಚ್ಚುಕಮ್ಮಿ ಮೂಗಿನಲ್ಲೇ. ಮೂಗು ಕಟ್ಟಿದರೆ ಅರ್ಧ ಬಾಗಿಲು ಹಾಕಿದ ಹಾಗೆ. ಸಿಸ್ಟರ್ ಒಂದೊಂದು ಹೊಳ್ಳೆಗೆ ಎರಡೆರಡು ಹನಿ ಉಪ್ಪುನೀರು ಬಿಟ್ಟರು. ಒಂದು ನಿಮಿಷ ಬಿಟ್ಟು, ಮೆತ್ತಗಿನ ನಳಿಗೆಯಿಂದ ನಿಧಾನವಾಗಿ ಎಳೆದರು. ಬೆಂದ ಸಾಬೂದಾಣಿಯಂತೆ ಗಟ್ಟಿಯಾದ ಲೋಳೆ ಬಂತು, ಅದರಲ್ಲಿ ಎಣ್ಣೆಯ ಜಿಡ್ಡೂ ಇತ್ತು. ಇನ್ನೊಂದು ಹೊಳ್ಳೆ. ಮಗು ಜೋರಾಗಿ ಅತ್ತಿತು. ನಾಲ್ಕು ದಿನದಲ್ಲಿ ಮೊದಲ ಸಲ ಅಷ್ಟು ಜೋರಾಗಿ ಅತ್ತದ್ದು ಎಂದು ತಾಯಿ ಹೇಳಿದರು. ಯಂತ್ರದಲ್ಲಿ 89, 91, 93. ಮೂರು ನಿಮಿಷ ಕಣ್ಣು ಮಿಟುಕಿಸದೆ ನೋಡುತ್ತಾ ನಿಂತೆವು. 94ಕ್ಕೆ ನಿಂತಿತು. ಅಜ್ಜಿ ಗೋಡೆಗೆ ಒರಗಿ ಕೂತುಬಿಟ್ಟರು.

ಶನಿವಾರ ಬೆಳಿಗ್ಗೆ ಉಸಿರು 58. ತಾಯಿಯ ಹಾಲನ್ನು ಹಿಂಡಿಸಿ, ಮೂಗಿನ ಮೂಲಕ ಹೊಟ್ಟೆಗೆ ಬಿಟ್ಟ ನಳಿಗೆಯಲ್ಲಿ ಎರಡು ಗಂಟೆಗೊಮ್ಮೆ 30 ಎಂಎಲ್ ಕೊಟ್ಟೆವು. ಭಾನುವಾರ ಒಂದು ಲೀಟರ್ ಆಕ್ಸಿಜನ್ ಸಾಕಾಯಿತು, ಸಂಜೆ ಮಗು ತಾನೇ ಎದೆ ಹುಡುಕಿತು. ಸೋಮವಾರ ಮಧ್ಯಾಹ್ನ ಆಕ್ಸಿಜನ್ ತೆಗೆದೆವು.

ಟೆಸ್ಟ್

ಅಜ್ಜಿಗೆ ಕೊಟ್ಟ ಮಾತು ನನಗೆ ನೆನಪಿತ್ತು. "ಈಗ" ಇಲ್ಲ ಅಂದಿದ್ದೆ. ಶನಿವಾರ ಬೆಳಿಗ್ಗೆ ಅವರನ್ನೂ ತಾಯಿಯನ್ನೂ ಕೂರಿಸಿಕೊಂಡು ಇದ್ದದ್ದು ಇದ್ದ ಹಾಗೆ ಹೇಳಿದೆ. ಟೆಸ್ಟ್ ಮಾಡಿದರೂ ಮಾಡದಿದ್ದರೂ ಮದ್ದು ಇದೇ. ಆದರೆ ವಾರ್ಡಿನಲ್ಲಿ ಇನ್ನೂ ಎರಡು ಎಳೆ ಕೂಸುಗಳಿವೆ, ಅವುಗಳನ್ನು ದೂರ ಇಡಬೇಕೋ ಗೊತ್ತಾಗಬೇಕು. ಯಾವ ವೈರಸ್ ಓಡಾಡುತ್ತಿದೆ ಎಂದು ಇಲಾಖೆಗೂ ತಿಳಿಯಬೇಕು. ಮಗುವನ್ನು ಯಾರೂ ಎಲ್ಲಿಗೂ ಕರೆದೊಯ್ಯುವುದಿಲ್ಲ, ತಾಯಿ ಮಡಿಲಲ್ಲೇ ಇರುತ್ತದೆ. ಅಜ್ಜಿ ತುಂಬಾ ಹೊತ್ತು ಸುಮ್ಮನಿದ್ದರು. "ನೀವು ಇಲ್ಲೇ ಇರ್ತ್ರಾ?" ಎಂದು ಕೇಳಿದರು. ಇರುತ್ತೇನೆ ಅಂದೆ. ಆಮೇಲೆ ಮೂಗಿನ ಮಾದರಿ ತೆಗೆದೆವು.

ರಿಪೋರ್ಟ್ ಬಂದದ್ದು 14ಕ್ಕೆ, ಸಂಕ್ರಾಂತಿ ದಿನ. ಕೋವಿಡ್ ಇಲ್ಲ, ಇನ್‌ಫ್ಲುಯೆಂಜಾ ಇಲ್ಲ, ಆರ್‌ಎಸ್‌ವಿ ಅನ್ನುವ ವೈರಸ್ಸೂ ಇಲ್ಲ. ಹ್ಯೂಮನ್ ಮೆಟಾನ್ಯೂಮೋವೈರಸ್ ಪಾಸಿಟಿವ್. ಆ ಹೊತ್ತಿಗೆ ಮಗು ಆಕ್ಸಿಜನ್ ಇಲ್ಲದೆ ಒಂದು ರಾತ್ರಿ ಕಳೆದಿತ್ತು, ಅಮ್ಮನ ಬಳೆ ಎಳೆಯುತ್ತಿತ್ತು. ಕೇಸ್ ಶೀಟಿನಲ್ಲಿ ವೈರಸ್ಸಿನ ಹೆಸರು ಸೇರಿಸಿದೆ. ಚಿಕಿತ್ಸೆಯ ಕಾಲಮ್ಮಿನಲ್ಲಿ ಒಂದಕ್ಷರವೂ ಬದಲಾಗಲಿಲ್ಲ.

ಬೋಟಿನಿಂದ ನೇರ ಆಸ್ಪತ್ರೆಗೆ ಬಂದಿದ್ದ ಅಪ್ಪನಿಗೆ ಮಾತ್ರ ಕೈ ನಡುಗಿತು. ಹೊಸ ವೈರಸ್ ಅಂತಾರಲ್ಲ, ಮದ್ದೇ ಇಲ್ಲ ಅಂತಾರಲ್ಲ ಎಂದು ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ.

ಇದಕ್ಕೆ ಹೆಸರು ಹೊಸದು, ವೈರಸ್ ಹಳೆಯದು. 2001ರಲ್ಲಿ ನೆದರ್ಲೆಂಡ್ಸ್‌ನ ವಿಜ್ಞಾನಿಗಳು ಇದನ್ನು ಗುರುತಿಸಿದರು. ಇಪ್ಪತ್ತು ವರ್ಷಗಳಿಂದ ಕೂಡಿಟ್ಟಿದ್ದ 28 ಮಕ್ಕಳ ಮೂಗಿನ ಮಾದರಿಗಳಲ್ಲಿ ಅದು ಇತ್ತು. ಆ ಮಕ್ಕಳಿಗೆ ಉಸಿರಾಟದ ಕಾಯಿಲೆ ಏಕೆ ಬಂತು ಅನ್ನುವುದು ಅಲ್ಲಿಯವರೆಗೆ ಗೊತ್ತೇ ಆಗಿರಲಿಲ್ಲ. 1958ರಲ್ಲಿ ತೆಗೆದಿಟ್ಟ ರಕ್ತದಲ್ಲೂ ಇದರ ವಿರುದ್ಧದ ಪ್ರತಿಕಾಯಗಳು ಸಿಕ್ಕವು. ಅಂದರೆ ನಮ್ಮ ಅಜ್ಜಿಯ ಬಾಲ್ಯದಲ್ಲೂ ಇದು ಇತ್ತು. ಲ್ಯಾಬಿನಲ್ಲಿ ತೀರಾ ನಿಧಾನವಾಗಿ ಬೆಳೆಯುವ ವೈರಸ್ ಆದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆರ್‌ಎಸ್‌ವಿ ಎಂಬ ಇನ್ನೊಂದು ವೈರಸ್ ಇದರ ದಾಯಾದಿ, ಎರಡೂ ಒಂದೇ ಕುಟುಂಬ. ಐದು ವರ್ಷ ತುಂಬುವ ಹೊತ್ತಿಗೆ ಹೆಚ್ಚುಕಮ್ಮಿ ಎಲ್ಲ ಮಕ್ಕಳಿಗೂ ಇದು ಒಮ್ಮೆ ಬಂದು ಹೋಗಿರುತ್ತದೆ. ಮತ್ತೆಯೂ ಬರುತ್ತದೆ, ಆದರೆ ಸಾಮಾನ್ಯವಾಗಿ ಹಗುರಾಗಿ.

ಹಾಗೆಂದು ಇದನ್ನು ಕಡೆಗಣಿಸಬಾರದು. ಜಗತ್ತಿನ ಲೆಕ್ಕ ತೆಗೆದ ಒಂದು ಅಧ್ಯಯನದ ಅಂದಾಜಿನಂತೆ 2018ರಲ್ಲಿ ಐದು ವರ್ಷದೊಳಗಿನ ಸುಮಾರು 1.42 ಕೋಟಿ ಮಕ್ಕಳಿಗೆ ಇದರಿಂದ ಶ್ವಾಸಕೋಶದ ಸೋಂಕಾಯಿತು. ಆರು ಲಕ್ಷಕ್ಕೂ ಹೆಚ್ಚು ಮಕ್ಕಳು ಆಸ್ಪತ್ರೆ ಸೇರಿದರು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಒಂದು ವರ್ಷದ ಒಳಗಿನವರು. ಸುಮಾರು 16 ಸಾವಿರ ಮಕ್ಕಳು ತೀರಿಕೊಂಡರು. ದಿನ ತುಂಬದೆ ಹುಟ್ಟಿದವರು, ಹೃದಯದ ತೊಂದರೆ ಇರುವವರು ಜಾಸ್ತಿ ಸೋಲುತ್ತಾರೆ. ಲಸಿಕೆ ಇಲ್ಲ, ವೈರಸ್ ಕೊಲ್ಲುವ ಮದ್ದೂ ಇಲ್ಲ ಅನ್ನುವುದು ನಿಜ. ಆದರೆ "ಮದ್ದಿಲ್ಲ" ಅಂದರೆ "ಮಾಡುವುದು ಏನೂ ಇಲ್ಲ" ಅಂತಲ್ಲ. ಆಕ್ಸಿಜನ್, ನೀರಿನಂಶ, ಹಾಲು, ಸ್ವಚ್ಛವಾದ ಮೂಗು. ಇವು ಸಿಕ್ಕರೆ ಮಗುವಿನ ದೇಹವೇ ವೈರಸ್ಸನ್ನು ಓಡಿಸುತ್ತದೆ. ಈ ಮಗುವಿನ ದೇಹ ಅದನ್ನೇ ಮಾಡಿತು.

ಅಪ್ಪ ಕೇಳಿಸಿಕೊಂಡರು. ಸಂಕ್ರಾಂತಿ ಕಾಳಿನ ಸಣ್ಣ ಪೊಟ್ಟಣ ತೆಗೆದು ಸಿಸ್ಟರ್‌ಗೂ ನನಗೂ ಕೊಟ್ಟರು. ಅರ್ಧ ಗಂಟೆಯಲ್ಲಿ ಅವರ ಮೊಬೈಲಿಗೆ ಊರಿನಿಂದ ಒಂದು ಫೋಟೋ ಬಂತು. ಮಗನ ರಿಪೋರ್ಟಿನದೇ ಫೋಟೋ, ಹೆಸರು ಸಮೇತ. ಯಾರು ತೆಗೆದರು, ಯಾರು ಕಳಿಸಿದರು ಇವತ್ತಿಗೂ ಗೊತ್ತಾಗಿಲ್ಲ. ನಮ್ಮ ಕಡೆಯಿಂದಲೇ ಹೊರಗೆ ಹೋಗಿರಬಹುದು ಅನ್ನುವುದು ನನ್ನನ್ನು ಇನ್ನೂ ಕಾಡುತ್ತದೆ. ಅವತ್ತಿನಿಂದ ನಮ್ಮ ವಾರ್ಡಿನಲ್ಲಿ ರಿಪೋರ್ಟ್ ಮೇಜಿನ ಮೇಲೆ ಇಡುವುದಿಲ್ಲ, ತಾಯಿಯ ಕೈಗೇ ಕೊಡುತ್ತೇವೆ.

ಮನೆಗೆ ಹೋದಾಗ

15ನೇ ತಾರೀಕು ಮಗು ಮನೆಗೆ ಹೋಯಿತು. ಎರಡು ದಿನ ಬಿಟ್ಟು ಆಶಾ ಕಾರ್ಯಕರ್ತೆ ಫೋನ್ ಮಾಡಿದರು. ಆ ಮನೆಯ ಹುಡುಗಿ ಅಂಗನವಾಡಿಗೆ ಬಂದರೆ ತಮ್ಮ ಮಕ್ಕಳನ್ನು ಕಳಿಸುವುದಿಲ್ಲ ಎಂದು ಕೆಲವು ತಾಯಂದಿರು ಹೇಳುತ್ತಿದ್ದಾರಂತೆ. ಭಾನುವಾರ ನಾನೇ ಹೋದೆ.

ಅಂಗನವಾಡಿಯ ಜಗಲಿಯಲ್ಲಿ ಹದಿನೈದು ಹೆಂಗಸರು ಕೂತಿದ್ದರು. ನಾನು ಭಾಷಣ ಮಾಡಲಿಲ್ಲ. ಹೋದ ಎರಡು ವಾರದಲ್ಲಿ ಯಾರ ಮನೆ ಮಗುವಿಗೆ ಥಂಡಿ ಆಗಿತ್ತು ಎಂದು ಕೇಳಿದೆ. ಒಂಬತ್ತು ಕೈ ಮೇಲೆ ಬಂದವು. ಒಬ್ಬರನ್ನೊಬ್ಬರು ನೋಡಿಕೊಂಡರು. ಇವರಲ್ಲಿ ಯಾರ ಮಗುವಿನಿಂದ ಯಾರಿಗೆ ಬಂತೋ ಯಾರಿಗೂ ಗೊತ್ತಿಲ್ಲ, ಟೆಸ್ಟ್ ಆದದ್ದು ಒಂದೇ ಮಗುವಿಗೆ ಅಷ್ಟೇ ಅಂದೆ. ಅಕ್ಕನ ಕೆಮ್ಮು ಆಗಲೇ ನಿಂತಿತ್ತು, ಅವಳು ಸೋಮವಾರದಿಂದ ಬರಬಹುದು ಎಂದು ಹೇಳಿದೆ. ಯಾವ ಮಗುವಿಗೇ ಆಗಲಿ ಜ್ವರ, ಕೆಮ್ಮು ಇದ್ದರೆ ಮನೆಯಲ್ಲಿಟ್ಟುಕೊಳ್ಳಿ. ಕೆಮ್ಮಿದ ಕೈಯನ್ನು ಸೋಪು ಹಚ್ಚಿ ತೊಳೆಯಿರಿ, ಈ ವೈರಸ್ಸಿನ ಮೇಲೊಂದು ಕೊಬ್ಬಿನ ಪೊರೆ ಇದೆ, ಸೋಪು ಅದನ್ನು ಒಡೆಯುತ್ತದೆ. ಥಂಡಿಯಾದ ದೊಡ್ಡವರು ಕೂಸಿಗೆ ಮುತ್ತು ಕೊಡಬೇಡಿ. ಆಮೇಲೆ ಆಶಾ ಕಾರ್ಯಕರ್ತೆ ಒಂದು ಮಲಗಿದ ಕೂಸಿನ ಅಂಗಿ ಎತ್ತಿ, ಎಲ್ಲರ ಕೈಯಲ್ಲೂ ಉಸಿರು ಎಣಿಸಿಸಿದರು. ಒಬ್ಬರಿಗೆ 36, ಒಬ್ಬರಿಗೆ 38, ಒಬ್ಬರಿಗೆ 52. ಮತ್ತೆ ಎಣಿಸಿದರು. ಎರಡನೇ ಸಲ ಎಲ್ಲರಿಗೂ 36ರ ಆಸುಪಾಸು ಬಂತು.

ಅಲ್ಲಿಂದ ಆ ಮನೆಗೆ ಹೋದೆ. ಬಚ್ಚಲು ಮನೆಗೆ ತಾಗಿಯೇ ಇತ್ತು. ಹಂಡೆಯ ಒಲೆಯಲ್ಲಿ ತೆಂಗಿನ ಹೆಡೆ, ಸಿಪ್ಪೆ ಉರಿಯುತ್ತಿತ್ತು. ಹೊಗೆ ನೇರ ತೊಟ್ಟಿಲಿನ ಕೋಣೆಗೆ ಬರುತ್ತಿತ್ತು. ಸೌದೆ ಹೊಗೆ ಮಕ್ಕಳ ಶ್ವಾಸಕೋಶದ ಸೋಂಕಿಗೆ ದಾರಿ ಮಾಡುತ್ತದೆ ಅನ್ನುವುದು ಹಳೆಯ ಮಾತು. ಆದರೆ ಒಲೆಯ ಎದುರು ಕಣ್ಣುರಿಯುತ್ತಾ ನಿಂತಾಗ ಅದು ಬೇರೆಯೇ ರೀತಿಯಲ್ಲಿ ಅರ್ಥವಾಗುತ್ತದೆ. ತೊಟ್ಟಿಲನ್ನು ಆಚೆ ಕೋಣೆಗೆ ಹಾಕಿಸಿದೆವು. ಅಪ್ಪ ಬಚ್ಚಲಿನ ಬಾಗಿಲಿಗೆ ಒಂದು ಹಲಗೆ ಹೊಡೆದರು.

ಅಜ್ಜಿಗೆ ಬಾಣಂತನದ ಆರೈಕೆ ಎಲ್ಲಾ ತಪ್ಪು ಎಂದು ನಾನು ಹೇಳಲಿಲ್ಲ, ಯಾಕೆಂದರೆ ಎಲ್ಲಾ ತಪ್ಪಲ್ಲ. ಎಣ್ಣೆ ಹಚ್ಚಿ ಮೀಯಿಸಿ, ಒಳ್ಳೆಯದು. ಬೆಚ್ಚಗೆ ಸುತ್ತಿ, ಒಳ್ಳೆಯದು. ಲೋಬಾನದ ಹೊಗೆ ಬೇಡ. ಮೂಗಿಗೆ ಎಣ್ಣೆ ಬೇಡ, ಅದು ಶ್ವಾಸಕೋಶಕ್ಕೆ ಇಳಿದರೆ ಬೇರೆಯೇ ನ್ಯುಮೋನಿಯಾ ಆಗುತ್ತದೆ. ಕರ್ಪೂರ ಬೇಡ, ಎಳೆ ಮಕ್ಕಳಿಗೆ ಅದರಿಂದ ಫಿಟ್ಸ್ ಬರಬಹುದು. ಒಂದು ವರ್ಷ ತುಂಬುವ ತನಕ ಜೇನುತುಪ್ಪ ಬೇಡ. ಮೂಗು ಕಟ್ಟಿದರೆ ಉಪ್ಪುನೀರಿನ ಡ್ರಾಪ್ಸ್, ಸಾಕು. ಅವರು ಒಂದೊಂದಕ್ಕೂ ತಲೆಯಾಡಿಸಿದರು. ಕರ್ಪೂರದ ಹತ್ತಿರ ನಿಲ್ಲಿಸಿ, "ನಮ್ಮ ಮಕ್ಕಳಿಗೆಲ್ಲಾ ಹಚ್ಚಿದ್ದೆ ನಾನು" ಅಂದರು. ಕಣ್ಣು ತುಂಬಿತ್ತು. ನೀವು ಆಟೋ ಕರೆಸಿದ್ದಕ್ಕೇ ಮಗು ಉಳಿಯಿತು ಅಮ್ಮಾ ಅಂದೆ. ಅದು ಸಮಾಧಾನಕ್ಕೆ ಹೇಳಿದ ಮಾತಲ್ಲ. ಇನ್ನು ಆರು ಗಂಟೆ ತಡವಾಗಿದ್ದರೆ ಈ ಕಥೆಯನ್ನು ನಾನು ಬರೆಯುತ್ತಿರಲಿಲ್ಲ.

ಅವರಿಗೂ ಒಂದು ವಾರದಿಂದ ಕೆಮ್ಮಿತ್ತು. ಮೊಮ್ಮಗನ ಗಡಿಬಿಡಿಯಲ್ಲಿ ಯಾರೂ ನೋಡಿರಲಿಲ್ಲ. ನಲವತ್ತು ವರ್ಷ ಒಲೆ ಊದಿದ ಎದೆ. ಇದೇ ವೈರಸ್ ವಯಸ್ಸಾದವರನ್ನೂ ಮಲಗಿಸುತ್ತದೆ. ಬೆರಳಿಗೆ ಯಂತ್ರ ಹಾಕಿ ನೋಡಿದೆ, 95. ಆಸ್ಪತ್ರೆಗೆ ಬಂದು ಎದೆ ತೋರಿಸಿ ಅಂದೆ. "ಟೆಸ್ಟ್ ಮಾಡ್ತ್ರಾ?" ಎಂದು ಕೇಳಿದರು. ಬೇಕಾದರೆ ಮಾತ್ರ, ಮೊದಲು ಕೇಳಿಯೇ ಮಾಡುತ್ತೇನೆ ಅಂದೆ.

ಮಾರ್ಚ್‌ನಲ್ಲಿ ಮಗು ಒಂಬತ್ತು ತಿಂಗಳ ಲಸಿಕೆಗೆ ಬಂತು. ದಡಾರ-ರುಬೆಲ್ಲಾ, ಜೊತೆಗೆ ನ್ಯುಮೋಕೋಕಲ್ ಲಸಿಕೆಯ ಮೂರನೇ ಡೋಸ್. ಎಚ್‌ಎಂಪಿವಿಗೆ ಲಸಿಕೆ ಇಲ್ಲದಿದ್ದರೂ, ಅದರ ಬೆನ್ನಿಗೆ ಬರುವ ಒಂದು ಬಗೆಯ ಬ್ಯಾಕ್ಟೀರಿಯಾ ನ್ಯುಮೋನಿಯಾವನ್ನು ಈ ನ್ಯುಮೋಕೋಕಲ್ ಲಸಿಕೆ ತಡೆಯಬಲ್ಲದು. ತೂಕ 7.5 ಕಿಲೋ. ಫೆಬ್ರವರಿಯಲ್ಲಿ ಒಮ್ಮೆ ಮತ್ತೆ ಥಂಡಿ ಆಗಿತ್ತಂತೆ, ಮನೆಯಲ್ಲೇ ಗುಣವಾಯಿತಂತೆ. "ಎಷ್ಟಿತ್ತು?" ಎಂದು ಕೇಳಿದೆ. ತಾಯಿ ಉತ್ತರಿಸುವ ಮೊದಲೇ ಅಜ್ಜಿ ಸೊಂಟದ ಸಂಚಿಯಿಂದ ಒಂದು ಮಡಚಿದ ಕ್ಯಾಲೆಂಡರ್ ಹಾಳೆ ತೆಗೆದರು. ಫೆಬ್ರವರಿಯ ಐದು ಚೌಕಗಳಲ್ಲಿ ಪೆನ್ಸಿಲಿನಿಂದ ಬರೆದಿತ್ತು. 42, 44, 46, 40, 38.